ರಿಯಾಯಿತಿ

"...ಅರ್ಧ ಮುಖಕ್ಕೆ ಸೋಪು ಹಾಗೇ ಇತ್ತು. ಕೈಯಲ್ಲಿ ರೇಜರ್ ಹಿಡಿದೇ ಬಾಗಿಲು ತೆಗೆದರು. ಮೂರು ಜನ. ಒಬ್ಬನ ಹುಬ್ಬಿನ ಮೇಲೆ ಸುಟ್ಟ ಕಲೆ..."

ಹ್ಯೂಸ್ಟನ್ನಿನ ವಲಸೆ ಕೋರ್ಟಿನ ಮೊಗಸಾಲೆಯಲ್ಲಿ ಪಕ್ಕದ ಕುರ್ಚಿಯ ಹೆಂಗಸು ಕಣ್ಣು ಮುಚ್ಚಿಕೊಂಡು ಪಾಠ ಒಪ್ಪಿಸುವಂತೆ ಗುನುಗುತ್ತಿದ್ದಳು. ಡೆಲ್ಮಿ ತಟ್ಟನೆ ಅವಳತ್ತ ತಿರುಗಿದಳು. ಆ ಬಾಗಿಲು ಅವಳ ಮನೆಯದು. ಸೋಪು ಹಚ್ಚಿಕೊಂಡಿದ್ದವನು ಅವಳ ಗಂಡ ವಿಲ್ಮರ್.

"ಇದು ಯಾವೂರಲ್ಲಿ ನಡೆದಿದ್ದು?" ಎಂದು ಕೇಳಿದಳು.

ಹೆಂಗಸು ಬೆಚ್ಚಿ, ಮಡಿಲಲ್ಲಿದ್ದ ಕಾಗದ ನೋಡಿಕೊಂಡಳು. "ಚೊಲೊಮಾದಲ್ಲಿ. ಯಾಕಕ್ಕಾ?" ಅದು ಡೆಲ್ಮಿಯದೇ ಊರು.

"ನಿಮ್ಮ ವಕೀಲರು ಬರ್ದಾಲೆಸ್ ಅವರಾ?"

"ನಿಮಗೂ ಅವರೇನಾ?" ಅವಳ ಮುಖ ಅರಳಿತು.

ಎರಡು ವರ್ಷದ ಹಿಂದೆ, ಗಂಡನನ್ನು ಕೊಂದವರಿಗೆ ಹೆದರಿ ಈ ದೇಶಕ್ಕೆ ಬಂದು ಆಶ್ರಯ ಕೇಳಲು, ಡೆಲ್ಮಿ ನಾಲ್ಕು ವಕೀಲರ ಬಾಗಿಲು ತಟ್ಟಿದ್ದಳು. ಹೋಟೆಲಿನಲ್ಲಿ ವರ್ಷವಿಡೀ ಹಾಸಿಗೆ ಹಾಸಿದರೂ ಅವರು ಕೇಳಿದ ಫೀಸು ಹುಟ್ಟುತ್ತಿರಲಿಲ್ಲ. ಬರ್ದಾಲೆಸ್ ಮಾತ್ರ ಪೂರ್ತಿ ಕೇಳಿದ. ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಕೊಂಡ. "ಅರ್ಧ ಕೊಡಮ್ಮ, ಸಾಕು. ಉಳಿದಿದ್ದು ನಾನು ಬಿಟ್ಟೆ" ಎಂದ. ಆ ಸಂಜೆ ಅವಳು ಅವನ ಹೆಸರಿನಲ್ಲಿ ತನ್ನ ನಾಡಿನ ದೇವಮಾತೆ ಸುಯಾಪಾ ಮಾತೆಗೆ ಮೇಣದಬತ್ತಿ ಹಚ್ಚಿದ್ದಳು.

"ನಿಮ್ಮ ಯಜಮಾನರು ನಿಜವಾಗ್ಲೂ ತೀರ್ಕೊಂಡಿದಾರಾ?" ಎಂದು ಡೆಲ್ಮಿ ಕೇಳಿದಳು.

ನೊಎಮಿ ಎಂಬ ಆ ಹೆಂಗಸು ಅತ್ತಿತ್ತ ನೋಡಿದಳು. "ಮೆಲ್ಲಗೆ ಮಾತಾಡಿ. ಬೇಕರೀಲಿ ಕೆಲಸ ಮಾಡ್ತಾನೆ. ನನ್ನ ಕಷ್ಟಾನೇ ಹೇಳಿದ್ದೆ ಅಕ್ಕಾ, ಅದು ಕೋರ್ಟಲ್ಲಿ ನಿಲ್ಲಲ್ಲ ಅಂದ್ರು. ಇದನ್ನ ಕೊಟ್ರು. ಇದಕ್ಕೆ ಬೇರೆ ರೇಟು." ಕಾಗದ ಮಡಿಚುತ್ತ ಅಂದಳು: "ಓದೀ ಓದೀ ಏನಾಗಿದೆ ಅಂದ್ರೆ, ಈ ಕತೇಲಿರೋನು ಕನಸಲ್ಲೂ ಬರ್ತಾನೆ. ಸೋಪಿನ ಮುಖದಲ್ಲೇ. ಎಡಗೆನ್ನೇಲಿ ಗುಳಿ ಬೀಳುತ್ತೆ ಅವನಿಗೆ."

ವಿಲ್ಮರನ ಗುಳಿಯ ವಿಷಯ ಡೆಲ್ಮಿ ಯಾರಿಗೂ ಹೇಳಿರಲಿಲ್ಲ. ಅವಳ ಕನಸಿಗೆ ಅವನು ಬಂದು ಎರಡು ವರ್ಷವಾಗಿತ್ತು.

ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಒಳಗೆ ಬರ್ದಾಲೆಸ್ ಟೈ ಸರಿಮಾಡಿಕೊಳ್ಳುತ್ತ, "ಬರೆದಿರೋದನ್ನ ಬಿಟ್ಟು ಆಚೀಚೆ ಹೋಗ್ಬೇಡ" ಎಂದು ಪಿಸುಗುಟ್ಟಿದ. ನ್ಯಾಯಾಧೀಶೆ ಹೇಳಿ ಎಂದು ಸನ್ನೆ ಮಾಡಿದರು. ಡೆಲ್ಮಿ ಹೇಳತೊಡಗಿದಳು. ಬೋಳುತಲೆಯ ದುಭಾಷಿ ಮೇಜು ನೋಡುತ್ತ ಅವಳ ಸ್ಪ್ಯಾನಿಷನ್ನು ಒಂದೇ ದನಿಯಲ್ಲಿ ಇಂಗ್ಲಿಷಿಗೆ ತಿರುಗಿಸುತ್ತಿದ್ದ.

"ಬಾಗಿಲು ತೆಗೆದಾಗ ಮೂರು ಜನ ಇದ್ದರು" ಎಂದು ಅವಳು ಉಸಿರು ತೆಗೆದುಕೊಂಡಳು. ದುಭಾಷಿ ನಿಲ್ಲಲಿಲ್ಲ. ಅವಳಿಗೆ ತಿಳಿಯುತ್ತಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲೇ ಕೇಳಿಸಿತು: ಒಬ್ಬನ ಹುಬ್ಬಿನ ಮೇಲೆ ಸುಟ್ಟ ಕಲೆ.

ಅವಳು ಅದನ್ನು ಇನ್ನೂ ಹೇಳಿರಲಿಲ್ಲ.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. ಬರ್ದಾಲೆಸ್ ಕಡತದಲ್ಲಿ ಏನನ್ನೋ ಹುಡುಕತೊಡಗಿದ. ಮುಂದಿನ ಮಾತುಗಳೆಲ್ಲ ಬೇರೆಯವರ ಬಾಯಿಂದ ಕೇಳಿ ಇವರಿಗೆ ಆಗಲೇ ಗೊತ್ತು. ತನ್ನ ಬಾಯಿಂದ ಬಂದರೆ ಅವು ಸುಳ್ಳಾಗುತ್ತವೆ.

"ಬಿದ್ದ ಮೇಲೂ ಅವನಿಗೆ ಮಾತಿತ್ತು" ಎಂದಳು ಡೆಲ್ಮಿ. ಬರ್ದಾಲೆಸ್ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು. "ನನ್ನನ್ನ ನೋಡಿ, 'ಒಲೆ ಮೇಲೆ ಕಾಳು ಸೀಯ್ತಾ ಇದೆ, ನೋಡೇ' ಅಂದ. ನಾನು ಒಳಗೆ ಹೋಗಿ ಒಲೆ ಆರಿಸಿದೆ. ಅವನ ಹತ್ರ ಕೂರಲಿಲ್ಲ. ಒಲೆ ಆರಿಸೋಕೆ ಹೋದೆ."

ದುಭಾಷಿ ಬಾಯಿ ತೆರೆದ, ಮುಚ್ಚಿದ. ಆಮೇಲೆ ಮೇಜಿನಿಂದ ತಲೆಯೆತ್ತಿ ಅವಳನ್ನು ನೋಡಿದ.