ಕಿಟ್ಟಿ ಮಾವನ ಕಾರಿನ ಹಳದಿ ದೀಪ

ಮಸ್ಕತ್ತಿನಿಂದ ಬಂದ ಕಿಟ್ಟಿ ಮಾವನಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಹಾಲಿನವನೆದುರೇ ಹಾಲಿಗೆ ಬೆರಳದ್ದಿ ನೋಡುವ ಆಸಾಮಿ. ಎಂಬತ್ತೆಂಟನೇ ಇಸವಿಯಲ್ಲಿ ಅವರು ತಂದ ಕೆಂಪು ಜಪಾನಿ ಕಾರು ಜಯನಗರದ ಅಕ್ಕನ ಮನೆಯ ಕಾಂಪೌಂಡಿನಲ್ಲಿ ನಿಂತ ಮೇಲಂತೂ ಇಡೀ ಬೀದಿಯೇ ಕಳ್ಳರ ಸಂತೆಯಾಗಿ ಕಂಡಿತು. ಎರಡೇ ಸೀಟು, ನೆಲಕ್ಕೆ ಅಂಟಿದಂಥ ಮೈ, ಓಡಿದರೆ ಬಾಣ. ದಿನವೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾನೆಟ್ ಎತ್ತಿ ಬ್ಯಾಟರಿಯ ವೈರು ಬಿಚ್ಚುತ್ತಿದ್ದರು. "ಈಗ ಯಾವನ್ ಸ್ಟಾರ್ಟ್ ಮಾಡ್ತಾನೋ ಮಾಡ್ಲಿ."

ಟಾರ್ಚ್ ಹಿಡಿಯುವ ಕೆಲಸ ಅಕ್ಕನ ಮಗಳು ಅಮ್ಮಣ್ಣಿಯದು. ಬಿ.ಎಸ್ಸಿ. ಮುಗಿಸಿದ ಹುಡುಗಿ, ಮಾತು ಕಮ್ಮಿ. ಬಾಯಿಗೆ ಬಾರದ್ದೆಲ್ಲ ಡೈರಿಗೆ ಹೋಗುತ್ತಿತ್ತು.

ಕಾರಿಗೊಂದು ರೋಗ ಹತ್ತಿತ್ತು. ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ಮುಟ್ಟುವಷ್ಟರಲ್ಲಿ ಜಗ್ಗಿ, ಕಪ್ಪು ಹೊಗೆ ಉಗುಳುತ್ತಿತ್ತು. ಸ್ಟೀರಿಂಗಿನ ಹಿಂದೆ ಹಳದಿ ದೀಪವೊಂದು ಹೊತ್ತಿಕೊಂಡು, ಮನೆ ಸೇರುವ ಮೊದಲೇ ಆರಿಹೋಗುತ್ತಿತ್ತು. ಮರುದಿನ ಬೆಳಗ್ಗೆ ಬನಶಂಕರಿಯ ಮೆಕ್ಯಾನಿಕ್ ವೆಂಕಟಸ್ವಾಮಿಯ ಶೆಡ್ಡಿಗೆ ಒಯ್ದರೆ ಮದುವಣಗಿತ್ತಿಯ ಹಾಗೆ ಸುಮ್ಮನಿರುತ್ತಿತ್ತು.

ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಿ ಹೇಳಲು ಮಾವ ಅಮ್ಮಣ್ಣಿಯನ್ನೂ ಕರೆದೊಯ್ಯುತ್ತಿದ್ದರು. ಕಾರಿನೊಳಗೊಂದು ಪುಟ್ಟ ಕಂಪ್ಯೂಟರ್ ಇದೆ, ಆದ ತೊಂದರೆಯನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಬಾನೆಟ್ಟಿನೊಳಗಿನ ಡಬ್ಬಿಯ ಎರಡು ತೂತುಗಳಿಗೆ ತಂತಿ ಸೇರಿಸಿದರೆ ಹಳದಿ ದೀಪ ಮಿನುಗಿ, ರೋಗದ ನಂಬರು ಹೇಳುತ್ತದೆ. ಒಂದೇ ಸಮನೆ ಮಿನುಗಿದರೆ ರೋಗವಿಲ್ಲ. ವೆಂಕಟಸ್ವಾಮಿ ಅಮ್ಮಣ್ಣಿಯ ಹೇರ್‌ಪಿನ್ ಇಸಿದುಕೊಂಡು ಚುಚ್ಚಿದ. ಮೂರು ವಾರದಲ್ಲಿ ಮೂರು ಸಲ ಚುಚ್ಚಿದ. ಮೂರು ಸಲವೂ ಒಂದೇ ಸಮನೆ ಮಿನುಗಿತು.

"ನಂಗೇನೂ ಆಗಿಲ್ಲ ಅಂತ ಕಾರೇ ಹೇಳ್ತಿದೆ ಸಾರ್."

"ಕಾರು ಹೇಳ್ತಿದ್ಯೋ, ನೀನು ಹೇಳಿಸ್ತಿದ್ದೀಯೋ? ಒಳಗಿನ ಫಾರಿನ್ ಪಾರ್ಟ್ ಬಿಚ್ಕೊಂಡಿದ್ದೀಯ ಕಣಯ್ಯಾ."

"ಬಿಚ್ಕೊಂಡು ಯಾವುದಕ್ಕೆ ಹಾಕ್ಲಿ ಸಾರ್, ಅಂಬಾಸಿಡರ್‌ಗಾ?"

ಮಾವ ನಗಲಿಲ್ಲ. ಅಮ್ಮಣ್ಣಿಗೂ ಅನುಮಾನವಿತ್ತು. 'ವೆಂಕಟಸ್ವಾಮಿ ಎರಡು ಸಲ ಜೇಬು ಮುಟ್ಟಿಕೊಂಡ. ಯಾಕೆ?' ಎಂದು ಬರೆದಿದ್ದಳು. ಜೇಬಿನಲ್ಲಿದ್ದದ್ದು ನಶ್ಯದ ಡಬ್ಬಿ ಎಂದು ಆಮೇಲೆ ಕಂಡಾಗ, ಆ ಸಾಲು ಹೊಡೆದುಹಾಕಿದ್ದಳು.

ಗುರುವಾರ ಮಾವ ಒಂದು ಕಾಗದ ತಂದಿಟ್ಟರು. ಪೊಲೀಸ್ ಸ್ಟೇಷನ್ನಿಗೆ ಕಂಪ್ಲೇಂಟು. "ನಿನ್ನ ಅಕ್ಷರ ಮುತ್ತಿನಂಗಿದೆ, ನೀಟಾಗಿ ಬರ್ಕೊಡು. ಶನಿವಾರ ಕೊಡ್ಬೇಕು. ಗಾಡಿ ಅವನ ಹತ್ರ ಹೋದ ತಾರೀಖೆಲ್ಲ ಹಾಕು."

ಪೊಲೀಸರು ಒಮ್ಮೆ ಶೆಡ್ಡಿಗೆ ಕಾಲಿಟ್ಟರೆ ಮೂವತ್ತು ವರ್ಷದ ಹೆಸರು ಹೋಗುತ್ತದೆ, ಮತ್ತೆ ಯಾರೂ ಅಲ್ಲಿಗೆ ಗಾಡಿ ಬಿಡುವುದಿಲ್ಲ. ಅದೂ ತನ್ನದೇ ಅಕ್ಷರದಲ್ಲಿ. ಅಮ್ಮಣ್ಣಿ ತಾರೀಖಿಗೆಂದು ಡೈರಿ ತಿರುವಿದಳು. ಕಾರು ಜಗ್ಗಿದ ದಿನದ ಪುಟ, ಅದರ ಕೊನೆಗೆ 'ಟಾರ್ಚ್ ಹಿಡಿದೆ, ಮಾವ ವೈರು ಬಿಚ್ಚಿದರು.' ಮರುದಿನದ ಪುಟ, 'ದೀಪ ಏನೂ ಹೇಳಲಿಲ್ಲ.' ಮೂರು ಸಲವೂ ಹಾಗೇ. ಕಾರಿನ ಪುಸ್ತಕ ತೆಗೆದು, ಅದುವರೆಗೆ ಹಾರಿಸಿಕೊಂಡು ಬಂದಿದ್ದ ಸಣ್ಣಕ್ಷರವನ್ನೆಲ್ಲ ಓದಿದಳು. ಬ್ಯಾಟರಿಯ ವೈರು ಬಿಚ್ಚಿದರೆ ಕಂಪ್ಯೂಟರಿನ ನೆನಪು ಅಳಿದುಹೋಗುತ್ತದೆ ಎಂದಿತ್ತು.

ಶುಕ್ರವಾರ ಕಾರು ಮತ್ತೆ ಜಗ್ಗಿತು. ಸಂಜೆ ಮಾವ ಸ್ಪ್ಯಾನರ್ ಹಿಡಿದು ಬಂದರು. ಅಮ್ಮಣ್ಣಿ ಟಾರ್ಚ್ ಹಚ್ಚದೆ ಬಾನೆಟ್ಟಿನ ಮೇಲೆ ಕೈಯಿಟ್ಟಳು.

"ಮಾವ, ಇವತ್ತೊಂದಿನ ಬಿಚ್ಬೇಡಿ."

ಮಾವ ತಿರುಗಿದರು. "ಯಾರು ಹೇಳ್ಕೊಟ್ರು? ಅವನಾ?"

ಅವಳು ಯಾರಿಗೂ ತೋರಿಸದ ಡೈರಿಯನ್ನು ತಂದು, ಬೇಕಾದ ಸಾಲು ಬಿಟ್ಟು ಉಳಿದದ್ದನ್ನು ಅಂಗೈಯಿಂದ ಮುಚ್ಚಿ, ಒಂದೊಂದೇ ಪುಟ ತೋರಿಸಿದಳು. ಆಮೇಲೆ ಸಣ್ಣಕ್ಷರದ ಸಾಲು. ಮಾವ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು. ಸ್ಪ್ಯಾನರನ್ನು ಜೇಬಿಗಿಳಿಸಿ, "ನೋಡೋಣ," ಎಂದರು.

ಬೆಳಗ್ಗೆ ಅಮ್ಮಣ್ಣಿ ರಂಗೋಲಿ ಹಾಕಲು ಹೊರಗೆ ಬಂದರೆ, ಮಾವ ಮಂಡಿಯನ್ನು ಎದೆಗೆ ಮಡಚಿಕೊಂಡು ಕಾರಿನೊಳಗೇ ಗೊರಕೆ ಹೊಡೆಯುತ್ತಿದ್ದರು.

ಶೆಡ್ಡಿನಲ್ಲಿ ವೆಂಕಟಸ್ವಾಮಿ ಕಾರು ಮುಟ್ಟಲೇ ಇಲ್ಲ. "ನೀವೇ ಚುಚ್ಚಿ ಅಮ್ಮಾವ್ರೇ. ನಾನ್ ಚುಚ್ಚಿದ್ರೆ ಅದಕ್ಕೂ ಒಂದು ಮಾತು ಬರತ್ತೆ."

ಅಮ್ಮಣ್ಣಿ ಹೇರ್‌ಪಿನ್ ತೆಗೆದು ಚುಚ್ಚಿದಳು. ಮಾವ ಕೀಲಿ ತಿರುಗಿಸಿದರು. ಎರಡು ಮಿನುಗು. ಕತ್ತಲೆ. ಮತ್ತೆ ಎರಡು.

"ಇಪ್ಪತ್ತೆರಡು," ಎಂದು ಪುಟ ಹುಡುಕಿದಳು. "ಇಂಜಿನ್ ನೀರಿನ ಬಿಸಿ ನೋಡೋ ಸೆನ್ಸರ್."

ಆಗ ವೆಂಕಟಸ್ವಾಮಿ ಬಗ್ಗಿದ. ಸೆನ್ಸರಿಗೆ ಹೋಗುವ ವೈರಿನ ಪ್ಲಾಸ್ಟಿಕ್ ಕೊಂಡಿ ಬಿರುಕು ಬಿಟ್ಟು ಸಡಿಲವಾಗಿತ್ತು. ಗಾಡಿ ಕುಲುಕಿದಾಗ ಬಿಟ್ಟುಕೊಳ್ಳುತ್ತಿತ್ತು, ನಿಂತಾಗ ಕೂಡಿಕೊಳ್ಳುತ್ತಿತ್ತು. "ನೋಡ್ಕೊಳಿ ಸಾರ್, ಫಾರಿನ್ ಕೊಂಡಿ. ಇನ್ನೂ ಇಲ್ಲೇ ಇದೆ."

ಮಾವ ಕೊಂಡಿಯನ್ನು ನೋಡಿದರು, ಅವನ ಮುಖವನ್ನು ನೋಡಿದರು. "ಸರಿ, ಕಟ್ಟು," ಎಂದರು, ಅಷ್ಟೇ. ಅಮ್ಮಣ್ಣಿ ನಕಲು ಮಾಡದೆ ಹಿಂದಿರುಗಿಸಿದ್ದ ಕಂಪ್ಲೇಂಟಿನ ಕಾಗದವನ್ನು ಜೇಬಿನಿಂದ ತೆಗೆದು ನಾಲ್ಕು ಚೂರು ಮಾಡಿ, ಗ್ರೀಸ್ ಬಟ್ಟೆಗಳ ಬುಟ್ಟಿಗೆ ಹಾಕಿದರು. ವೆಂಕಟಸ್ವಾಮಿ ನಶ್ಯದ ಡಬ್ಬಿ ತೆಗೆದ.

ಮನೆಯ ದಾರಿಯಲ್ಲಿ ಕಾರು ಜಗ್ಗಲಿಲ್ಲ. ಜಯನಗರ ಹತ್ತಿರವಾದಾಗ ಮಾವ ರಸ್ತೆ ನೋಡುತ್ತಲೇ ಕೇಳಿದರು: "ಅಮ್ಮಣ್ಣೀ, ಕೈಯಲ್ಲಿ ಮುಚ್ಕೊಂಡಿದ್ಯಲ್ಲ, ಅಲ್ಲಿ ನನ್ನ ಬಗ್ಗೆ ಏನ್ ಬರ್ದಿದ್ದೀಯ?"

"ಏನೂ ಇಲ್ಲ ಮಾವ."

ಅವರು ನಂಬಲಿಲ್ಲ. ಅಂದಿನಿಂದ ಡೈರಿ ಅಡುಗೆಮನೆಯ ಅಕ್ಕಿ ಡಬ್ಬದ ತಳ ಸೇರಿತು.