ತಾಳೆ ನೋಡಿದವರು: ಆದಪ್ಪ

ಸಿಂಧನೂರಿನ ಭತ್ತ ಬೆಳೆಗಾರರ ಸಂಘದ ಕಚೇರಿಯಲ್ಲಿ ಮೂರು ಮೇಜುಗಳಿದ್ದವು. ಒಳಕೋಣೆಯದು ಮ್ಯಾನೇಜರ್ ಪಂಪಣ್ಣನದು. ಹೊರಗೆ ಎದುರುಬದುರು ಎರಡು. ಒಂದರ ಮೇಲೆ ಟೈಪ್‌ರೈಟರ್, ಇನ್ನೊಂದರ ಮೇಲೆ ಗುಮಾಸ್ತ ಆದಪ್ಪನ ಮೊಣಕೈ. ಆ ಮೇಜಿನ ಮೇಲೆ ಮೊಣಕೈ ಊರಿದ್ದು ಬಿಟ್ಟರೆ ಬೇರೆ ಯಾವ ಕೆಲಸ ನಡೆದದ್ದನ್ನೂ ಟೈಪಿಸ್ಟ್ ಮಕ್ತುಂಬೀ ಐದು ತಿಂಗಳಲ್ಲಿ ಕಂಡಿರಲಿಲ್ಲ.

ಆದಪ್ಪನ ದುಡಿಮೆಯೆಲ್ಲ ಬಾಯಲ್ಲಿ. ಕಾಲುವೆಗೆ ನೀರು ಬಿಟ್ಟರೆ ಅದು ಅವನು ಇಂಜಿನಿಯರಿಗೆ ಹೇಳಿದ್ದಕ್ಕೆ. ಲಿಂಗಸುಗೂರಿಗೆ ಹೊಸ ಬಸ್ಸು ಬಂದರೆ ಅದು ಅವನು ಡಿಪೋದಲ್ಲಿ ಕೂಗಾಡಿದ್ದಕ್ಕೆ. ಬಾಗಿಲಲ್ಲಿ ರೈತನ ನೆರಳು ಬಿದ್ದರೆ ದನಿ ಎರಡು ಪಟ್ಟು ಏರುತ್ತಿತ್ತು. ಯಾರೂ ಇಲ್ಲದಿದ್ದರೆ ಕೇಳಲು ಮಕ್ತುಂಬೀ ಇದ್ದಳು. ಅವಳು ಎದ್ದು ಹೋಗುವಂತಿರಲಿಲ್ಲ, ಅದು ಅವನಿಗೂ ಗೊತ್ತು.

ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ನೋಡಿದಳು.

"ಕಿವಿ ನೋಯಾಕತ್ತೈತೇನವಾ?" ಎಂದ ಆದಪ್ಪ. "ಬಳ್ಳೊಳ್ಳಿ ಎಣ್ಣಿ ಬಿಡು. ಜವಳಗೇರಾದ ಗೌಡ್ರಿಗೆ ನಾನ ಹೇಳಿದ್ದೆ. ಡಾಕ್ಟರ್ ಕೈಲಿ ಆಗಲಿಲ್ಲ, ನನ್ನ ಕೈಲಿ ಆತು."

ಆ ಕತೆ ಊಟದ ಹೊತ್ತಿನವರೆಗೆ ನಡೆಯಿತು. ಹತ್ತಿಯೊಳಗಿಂದಲೂ ಕೇಳಿಸಿತು.

ಮಕ್ತುಂಬೀ ಮಸ್ಕಿಯವಳು. ದಿನಾ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಎರಡು ವರ್ಷ ಟೈಪಿಂಗ್ ಕಲಿತಿದ್ದಳು. ಇಲ್ಲಿ ಆರು ತಿಂಗಳು ಹಂಗಾಮಿ. ಕೆಲಸ ಚೆನ್ನಾಗಿದ್ದರೆ ಕಾಯಂ. ಆಗಲೇ ಎರಡು ಮೆಮೊ ಬಿದ್ದಿದ್ದವು. ಒಂದು ಕಾಗದದಲ್ಲಿ ತಾರೀಕು ತಪ್ಪಾಗಿತ್ತು. ಇನ್ನೊಂದರಿಂದ ಲಿಂಗಸುಗೂರಿನ ಗೊಬ್ಬರ ಮುದಗಲ್ಲಿಗೆ ಹೋಗಿತ್ತು. ಎರಡೂ ಸಲ ಎದುರಿಗೆ ಆದಪ್ಪ ಏನನ್ನೋ ಗೆದ್ದ ಕತೆ ಹೇಳುತ್ತಿದ್ದ. ಮೂರನೆಯ ಮೆಮೊ ಬಿದ್ದರೆ ಮಸ್ಕಿಗೆ ವಾಪಸ್ಸು. ಅಣ್ಣನ ಹೆಂಡತಿಯ ಪಕ್ಕ ಕುಳಿತು ಕಂಡವರ ಸೀರೆಗೆ ಫಾಲ್ ಹೊಲಿಯಬೇಕು.

ಪಂಪಣ್ಣ ಕರಡು ಬರೆಯುವವನಲ್ಲ. ಮಷಿನ್ ಪಕ್ಕ ನಿಂತು, "ಬೀಜ ಬಂದಾವ, ಲಗೂನ ಬಂದು ಒಯ್ರಿ ಅಂತ ಹೊಡಿಬೇ" ಎನ್ನುತ್ತಿದ್ದ. ಅದು ಅವಳ ಕಿವಿಯಿಂದ ಬೆರಳಿಗೆ ಇಳಿಯುವಷ್ಟರಲ್ಲಿ "ಬಿತ್ತನೆ ಬೀಜವು ಬಂದಿದ್ದು, ಸದಸ್ಯರು ಶೀಘ್ರವಾಗಿ ಪಡೆಯತಕ್ಕದ್ದು" ಎಂದಾಗಿರುತ್ತಿತ್ತು. ನಡುವೆ ತಲೆ ಕೆಲಸ ಮಾಡುತ್ತಿರಲಿಲ್ಲ. ಬೆರಳಿಗೆ ಅಷ್ಟು ರೂಢಿಯಾಗಿತ್ತು.

ಎಂಬತ್ತೇಳರ ಜೂನ್. ಬೀಜ ಹಂಚುವ ನೋಟೀಸು ಇನ್ನೂರು ಪ್ರತಿ ಹಳ್ಳಿಗಳಿಗೆ ಹೋಗಬೇಕಿತ್ತು. ಹೋದ ವರ್ಷದ್ದನ್ನೇ ತಾರೀಕು ತಿದ್ದಿ ಹೊಡೆಯಲು ಪಂಪಣ್ಣ ಹೇಳಿ ರಾಯಚೂರಿಗೆ ಹೋದ. ಮಕ್ತುಂಬೀ ಮಷಿನ್ನಿಗೆ ನೂರಾರು ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆ ಏರಿಸಿದಳು. ಆ ಮೇಣದ ಹಾಳೆಯ ಮೇಲೆ ಹೊಡೆದದ್ದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಸಂಘದಲ್ಲಿ ಒಂದು ನಿಯಮ: ಟೈಪಿಸ್ಟ್ ಹೊಡೆದದ್ದನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ಓದಿ, ಕಚೇರಿ ಪುಸ್ತಕದಲ್ಲಿ 'ತಾಳೆ ನೋಡಿದೆ' ಎಂದು ಸಹಿ ಹಾಕಬೇಕು. ಆ ಇನ್ನೊಬ್ಬ ಆದಪ್ಪ.

ಅವಳು ಅರ್ಧ ಹೊಡೆದಿರುವಾಗ ಮುಕ್ಕುಂದದ ಇಬ್ಬರು ರೈತರು ಬಂದು ಬಾಗಿಲಲ್ಲಿ ಕೂತರು. ಆದಪ್ಪ ಶುರು ಮಾಡಿದ. ಅವಳು ಹೊಡೆದು ಮುಗಿಸುವ ಹೊತ್ತಿಗೆ ಹೆಗಲು ಕಲ್ಲಾಗಿತ್ತು.

"ಒಮ್ಮೆ ಓದ್ರಿ ಅಣ್ಣಾರ."

"ಓದೋದೇನವಾ? ನನ್ನ ಮುಂದ ಹೊಡದೀಯಲ್ಲ." ಸಹಿ ಹಾಕಿದ. ಅವನ ಸಹಿ ದೊಡ್ಡದು, ಕೆಳಗೆ ಎರಡು ಗೆರೆ.

ನೋಟೀಸಿನ ಕಟ್ಟುಗಳು ಸಂಜೆಯ ಬಸ್ಸಿಗೆ ಹೋದವು. ಮರುದಿನ ಉಳಿದ ಪ್ರತಿಯೊಂದನ್ನು ಗೋಡೆಗೆ ಅಂಟಿಸುವಾಗ ಮಕ್ತುಂಬೀ ಓದಿದಳು. 'ಸದಸ್ಯರು ಪಾಸ್‌ಬುಕ್ ತರತಕ್ಕದ್ದು' ಎಂಬುದರ ಕೆಳಗೆ, ಅದೇ ಅಚ್ಚುಕಟ್ಟಿನಲ್ಲಿ ಇನ್ನೊಂದು ಸಾಲಿತ್ತು: 'ಈ ಸಂಘವು ಆದಪ್ಪನವರಿಂದಲೇ ನಡೆಯುತ್ತಿದ್ದು, ವ್ಯವಸ್ಥಾಪಕರು ಕೇವಲ ಸಹಿಗಾಗಿ ಇರುತ್ತಾರೆ.'

ಮುಕ್ಕುಂದದವರಿಗೆ ಅವನು ಹೇಳಿದ ಮಾತು ಅವಳಿಗೆ ಆಗ ನೆನಪಾಯಿತು: "ಈ ಸಂಘ ನಡದದ್ದ ಈ ಆದಪ್ಪನಿಂದ. ಮ್ಯಾನೇಜರ್ ಬರೇ ಸಹಿಗೆ." ಕಿವಿ ಕೇಳಿತ್ತು, ಬೆರಳು ಕಚೇರಿ ಕನ್ನಡಕ್ಕೆ ತಿರುಗಿಸಿ ಹೊಡೆದಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಪ್ರತಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಎರಡು ದಿನ ಊಟ ಸೇರಲಿಲ್ಲ. ಪಂಪಣ್ಣ ಕರೆದಾಗ ನಿಜ ಹೇಳುವುದೆಂದು ಗಟ್ಟಿ ಮಾಡಿಕೊಂಡಳು; ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮೆಮೊ ಜೊತೆ ಮಾನವೂ ಹೋಗುತ್ತದೆ. ಎದುರಿನ ಮೇಜಿನವನು ಮಾತ್ರ ಹಿಗ್ಗಿನಲ್ಲಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ, "ಏನ್ರಿ ಆದಪ್ಪ, ಜವಳಗೇರಾ ತುಂಬ ನಿಮ್ಮ ನೋಟೀಸಿನ ಸುದ್ದಿನ ಐತಿ" ಎಂದಿದ್ದರು. ಏನು ಸುದ್ದಿ ಎಂದು ಕೇಳುವ ಜಾತಿಯವನಲ್ಲ ಅವನು. ಸುದ್ದಿಯಾದರೆ ಸಾಕು.

ಮೂರನೆಯ ದಿನ ಇಬ್ಬರಿಗೂ ಒಳಗಿನಿಂದ ಕರೆ ಬಂತು. ಪಂಪಣ್ಣನ ಮುಖ ಬಿಗಿದಿತ್ತು. ಪಕ್ಕದಲ್ಲಿ ಸಂಘದ ಅಧ್ಯಕ್ಷ, ಮುಕ್ಕುಂದದ ಬಸ್ಸಪ್ಪ, ಮೀಸೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಕುಳಿತಿದ್ದ. ಆ ಕೈಯ ಹಿಂದೆ ಅವನು ನಗುತ್ತಿದ್ದ. ಆದಪ್ಪನಿಗೆ ಕಂಡಿದ್ದು ಆ ನಗು ಮಾತ್ರ.

ಬಸ್ಸಪ್ಪ ನೋಟೀಸನ್ನು ಎತ್ತಿ ಹಿಡಿದ. "ಇದರಾಗಿನ ಮಾತು ಯಾರವು?"

ಮಕ್ತುಂಬೀ ಬಾಯಿ ತೆರೆದಳು. ಆದಪ್ಪ ಅವಳಿಗಿಂತ ಒಂದು ಹೆಜ್ಜೆ ಮುಂದೆ ಬಂದು ನಿಂತ.

"ನನ್ನವ ರೀ ಅಧ್ಯಕ್ಷರ. ಅಕ್ಷರ ಅಕ್ಷರ ನಂದ. ಈಕಿ ಬರೇ ಹೊಡದಾಳ."

"ಹೌದೇನಬೇ?" ಎಂದ ಪಂಪಣ್ಣ.

"ಹೌದ್ರಿ ಸಾಹೇಬ್ರ. ಅವರು ಅಂದದ್ದ ಹೊಡದೀನ್ರಿ," ಎಂದಳು ಮಕ್ತುಂಬೀ.

"ಮತ್ತ ಪಾಸ್‌ಬುಕ್ಕಿನ ಕೆಳಗಿನ ಸಾಲು ಜೋರಾಗಿ ಓದಪಾ," ಎಂದ ಬಸ್ಸಪ್ಪ.

ಆದಪ್ಪ ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ರೈತರ ಮುಂದೆ ತೆಗೆಯುವ ದನಿಯಲ್ಲೇ ಶುರು ಮಾಡಿದ. 'ವ್ಯವಸ್ಥಾಪಕರು' ಎಂಬಲ್ಲಿಗೆ ಬಂದಾಗ ದನಿ ನಿಂತಿತು. ಐದು ತಿಂಗಳಲ್ಲಿ ಮೊದಲ ಸಲ.

"ಇದು... ಇದನ್ನ ನಾ ಅಂದಿಲ್ಲರಿ."

"ನಮ್ಮೂರ ಇಬ್ಬರು ಕೇಳ್ಯಾರ," ಎಂದ ಬಸ್ಸಪ್ಪ. "ನಿನ್ನ ಸಹಿನೂ ಐತಿ."

ವಾರದೊಳಗೆ ಆದಪ್ಪನನ್ನು ಮಸ್ಕಿಯ ಗೋದಾಮಿಗೆ ಹಾಕಿದರು. ಅಲ್ಲಿ ಎದುರಿಗೆ ಕೂತು ಕೇಳಲು ಚೀಲಗಳಷ್ಟೇ ಇದ್ದವು. ಹೋಟೆಲಿನಲ್ಲಿ ಅವನು, "ಮಸ್ಕಿ ಪೂರಾ ಕೆಟ್ಟೈತಿ, ನೀ ಹೋದ್ರನ ಸುಧಾರಸ್ತೈತಿ ಅಂತ ಕೈ ಮುಗದು ಕಳಸಾಕತ್ತಾರ" ಎಂದು ಹೇಳುತ್ತಿದ್ದನಂತೆ. ನಂಬುವವರೂ ಇದ್ದರು.

ವರ್ಗದ ಆದೇಶ ಹೊಡೆದವಳು ಮಕ್ತುಂಬೀಯೇ. ಅವಳಿಗೆ ಮೂರನೆಯ ಮೆಮೊ ಬೀಳಲಿಲ್ಲ; ಕಾಯಂ ಆದೇಶಕ್ಕೆ ಇನ್ನೂ ಮೂರು ವಾರವಿತ್ತು. ಆದಪ್ಪ ಬೆನ್ನ ಹಿಂದೆ ನಿಂತು, "ಹಿರಿಯರೂ ಅನುಭವಿಗಳೂ ಆದ ಅಂತ ಸೇರಿಸವಾ" ಎನ್ನುತ್ತಲೇ ಇದ್ದ. ಅವಳು ಪಂಪಣ್ಣ ಮೊದಲ ಸಲ ಸ್ವಂತ ಕೈಯಲ್ಲಿ ಬರೆದುಕೊಟ್ಟ ಚೀಟಿಯ ಮೇಲೆ ಕಣ್ಣು ನೆಟ್ಟು ನಾಲ್ಕು ಸಾಲು ಹೊಡೆದು ಮುಗಿಸಿದಳು. ಹಾಳೆ ಎಳೆದು, ಕಚೇರಿ ಪುಸ್ತಕದ ಜೊತೆ ಅವನ ಮುಂದಿಟ್ಟಳು.

"ತಾಳೆ ನೋಡ್ರಿ ಅಣ್ಣಾರ."

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ರೈತ ಬಂದು ನಿಂತ. ಆದಪ್ಪ ಅತ್ತ ತಿರುಗಿ ಮಾತು ಶುರು ಮಾಡಿ, ಓದದೆ ಸಹಿ ಹಾಕಿ, ಕೆಳಗೆ ಎರಡು ಗೆರೆ ಎಳೆದ.