ಚಾಪೆ ಹಾಸುವಷ್ಟು ಜಾಗ

ನಾನೊಂದು ಗುಂಡುಕಲ್ಲು. ಒರಳಿನ ಹೊಟ್ಟೆಯಲ್ಲಿ ನಿಂತು ದೋಸೆಹಿಟ್ಟು ರುಬ್ಬಿದವನು. ಅದಕ್ಕೂ ಮುಂಚೆ ಬೆಟ್ಟದೊಳಗೆ ಮಲಗಿದ್ದೆ. ಎಷ್ಟು ಕಾಲವೋ, ನಿದ್ದೆಯಲ್ಲಿದ್ದವನಿಗೆ ಹೇಗೆ ಗೊತ್ತಾಗಬೇಕು? ಕಲ್ಲುಕುಟಿಗನೊಬ್ಬ ಉಳಿಯಿಂದ ತಟ್ಟಿ ತಟ್ಟಿ ಎಬ್ಬಿಸಿದ. ಕಣ್ಣು ಬಿಡುವಷ್ಟರಲ್ಲಿ ಗುಂಡಗಾಗಿದ್ದೆ, ಪಕ್ಕದಲ್ಲಿ ನನ್ನ ಒರಳಿತ್ತು.

ಹೊಂಬಾಳಮ್ಮನ ಮದುವೆಯಾದಾಗ ಅವಳ ತವರಿನವರು ನಮ್ಮಿಬ್ಬರನ್ನೂ ಗಾಡಿಗೆ ಹೇರಿ ಮಂಡ್ಯದ ವಠಾರವೊಂದಕ್ಕೆ ಕಳುಹಿಸಿದರು. ಮುಂದೆ ತಗಡಿನ ಕೋಣೆ, ಹಿಂದೆ ಹೆಂಚಿನ ಅಡುಗೆಮನೆ, ಮನೆಯೆಂದರೆ ಅಷ್ಟೇ. ಅಡುಗೆಮನೆಯ ತೊಲೆಯ ಕೆಳಗಿನ ಮೂಲೆ ನಮ್ಮದಾಯಿತು. ಅವಳು ಸುತ್ತಿಸುತ್ತಿದ್ದಳು, ನಾನು ತೂಕಡಿಸುತ್ತಲೇ ಸುತ್ತುತ್ತಿದ್ದೆ. ಹಿಟ್ಟು ನುಣ್ಣಗಾದಂತೆ ಬೆಟ್ಟದ ಕನಸು ಬೀಳುತ್ತಿತ್ತು. ಮಗಳು ಜಯಂತಿಯ ನಾಮಕರಣದ ದಿನ ನನಗೆ ಎಣ್ಣೆ ಹಚ್ಚಿ, ಕುಲಾವಿ ಹಾಕಿ, ಮಗುವಿಗಿಂತ ಮೊದಲು ನನ್ನನ್ನೇ ತೊಟ್ಟಿಲಲ್ಲಿ ಮಲಗಿಸಿದರು, ಕೂಸು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಅಯ್ಯೋ, ಆ ತೂಗಾಟದ ಸುಖವನ್ನು ಏನೆಂದು ಹೇಳಲಿ!

ಆಮೇಲೆ ಮಿಕ್ಸಿ ಬಂತು. ನನ್ನ ತಲೆಯ ಮೇಲೆ ಮುಚ್ಚಳವಿಲ್ಲದ ಡಬ್ಬಿ, ಹಿಡಿ ಕಿತ್ತ ಬಾಣಲೆ, ಖಾಲಿ ಬಾಟಲಿ, ಕವರಿನೊಳಗೆ ತುರುಕಿದ ಕವರುಗಳು ಏರಿದವು. ಹೊಂಬಾಳಮ್ಮ ಏನನ್ನೂ ಎಸೆಯುವವಳಲ್ಲ. "ಬೇಕಾಯ್ತದೆ, ಮಡಗು" ಅನ್ನುವುದೇ ಅವಳ ಮಂತ್ರ.

ಜಯಂತಿ ಮದುವೆಯಾಗಿ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನದ್ದು. ಆದರೆ ಮಾತಾಡಲು ಬಂದ ಬೀಗಿತ್ತಿ ಅಡುಗೆಮನೆ ಇಣುಕಿ ನಕ್ಕುಬಿಟ್ಟಳು.

"ಮುಂದ್ಲ ಕೋಣೆ ಕಾದ ಕಾವಲಿ. ಇಲ್ಲಿ ಕಾಲು ಚಾಚಕ್ಕೂ ಜಾಗ ಇಲ್ಲ. ತೊಟ್ಲು ಎಲ್ಲಿ ಕಟ್ತೀರಿ? ಬಾಣಂತನ ನಮ್ಮನೇಲೇ ಆಗ್ಲಿ ಬುಡಿ."

ಹೊಂಬಾಳಮ್ಮನ ಮುಖ ಸಣ್ಣಗಾಯಿತು.

"ಎಂಟು ದಿನ ಕೊಡಿ. ಚಾಪೆ ಹಾಸಿ ತೋರುಸ್ತೀನಿ" ಅಂದಳು.

ಸೆರಗು ಸಿಕ್ಕಿಸಿ ನಿಂತೇಬಿಟ್ಟಳು. ಹಳೇ ಸೀರೆಗಳನ್ನು ಪಾತ್ರೆಯವಳಿಗೆ ಕೊಟ್ಟು ಒಂದು ದೊಡ್ಡ ಡಬ್ಬಿ ತಗೊಂಡಳು. ಹತ್ತು ಪೊಟ್ಟಣಗಳು ಅದರೊಳಗೆ ಹೋದವು. ಮುರಿದ ಬಾಗಿಲಿನ ಹಲಗೆಯನ್ನು ಗೋಡೆಗೆ ಹೊಡೆಸಿ, ಒಂದೇ ಅಳತೆಯ ಬಾಟಲಿಗಳನ್ನಷ್ಟೇ ಸಾಲಾಗಿಟ್ಟಳು. ಸೌಟುಗಳು ಮೊಳೆಗೆ ನೇತುಬಿದ್ದವು. ಉಳಿದದ್ದೆಲ್ಲ ಗುಜರಿಗೆ ಹೋಯಿತು. ದಿನಾ ಸಂಜೆ ಚಾಪೆ ಹಾಸಿ ನೋಡುತ್ತಿದ್ದಳು. ದಿನಕ್ಕೊಂದು ಗೇಣು ಹೆಚ್ಚು ಬಿಚ್ಚಿಕೊಳ್ಳುತ್ತಿತ್ತು. ಏಳನೆಯ ದಿನ ಒಂದು ಮೊಳ ಉಳಿಯಿತು. ಅಲ್ಲಿ ನಾವಿದ್ದೆವು.

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. "ಕ್ವಾಪ ಮಾಡ್ಕಬ್ಯಾಡ ಕಣಪ್ಪ. ಮಗಳು ಮಲಗ್ಬೇಕು."

ಕೋಪವೆಲ್ಲಿ ಬಂತು? ದುಃಖವಾಯಿತು, ಅಷ್ಟೇ. ನಮ್ಮಿಬ್ಬರನ್ನೂ ಹೊರಗಿಟ್ಟರು. ಒರಳು ವಠಾರದ ನಲ್ಲಿಯ ಪಕ್ಕ ಗುಬ್ಬಿಗಳಿಗೆ ನೀರು ಹಿಡಿಯುತ್ತಾ ಕೂತಿತು. ಬೀದಿ ಇಳಿಜಾರಲ್ಲಿ ಹೂ ಮಾರುವ ಮಾದೇವಿ ತನ್ನ ತಳ್ಳುಗಾಡಿ ಜಾರದಂತೆ ನನ್ನನ್ನು ಒಯ್ದು ಚಕ್ರಕ್ಕೆ ಅಡ್ಡ ಕೊಟ್ಟಳು. ಮಲ್ಲಿಗೆಯ ವಾಸನೆಯಲ್ಲಿ ನಾನು ಮತ್ತೆ ನಿದ್ದೆಹೋದೆ. ಬೆಟ್ಟದ ಬದಲು ತೊಟ್ಟಿಲು ಕನಸಿಗೆ ಬರುತ್ತಿತ್ತು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಹೊಂಬಾಳಮ್ಮ ಬರಿಗಾಲಲ್ಲಿ ಓಡಿಬಂದಳು.

"ಅಯ್ಯೋ ನನ್ ಬುದ್ಧಿಗಿಷ್ಟು! ಇವತ್ತು ಜಯಂತಿ ಕೂಸಿಗೆ ಹೆಸರಿಡೋದು ಕಣೆ ಮಾದೇವಿ. ತೊಟ್ಲಿಗೆ ಹಾಕಕ್ಕೆ ಗುಂಡುಕಲ್ಲೇ ಇಲ್ಲ! ವಠಾರದಲ್ಲಿ ಎಲ್ರ ಮನೇಲೂ ಬರೀ ಮಿಕ್ಸಿ."

ಮಾದೇವಿ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ನನಗೊಂದು ಮೊಳ ಹೂವನ್ನೂ ಸುತ್ತಿದಳು. ಹೊಂಬಾಳಮ್ಮ ನನ್ನನ್ನು ಎದೆಗೊತ್ತಿಕೊಂಡು ಏದುಸಿರು ಬಿಡುತ್ತಾ ನಡೆದಳು. ಅವಳ ಎದೆ ಹೊಡೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು.

ಅಡುಗೆಮನೆಯ ಗುರುತೇ ಸಿಗಲಿಲ್ಲ. ನನ್ನ ಮೂಲೆಯವರೆಗೂ ಚಾಪೆ, ಅದರ ಮೇಲೆ ಬಾಣಂತಿ ಜಯಂತಿ, ತೊಲೆಗೆ ತೊಟ್ಟಿಲು. ನಾನು ಎದ್ದುಹೋದ ಜಾಗದ ಮೇಲೆಯೇ ನನ್ನನ್ನು ತೂಗಿದರು. ಆಮೇಲೆ ಕೂಸನ್ನು ಮಲಗಿಸಿದರು.

ನನ್ನನ್ನು ಕೈಗೆತ್ತಿಕೊಂಡ ಬೀಗಿತ್ತಿ ಕೇಳಿದಳು: "ಇನ್ನು ಇದನ್ನ ಎಲ್ಲಿ ಮಡಗೀರಿ?"

"ಕೊಡಿ ಇಲ್ಲಿ, ಬೇಕಾಯ್ತದೆ" ಅಂದಳು ಹೊಂಬಾಳಮ್ಮ. ಎಲ್ಲರಿಗಿಂತ ಜೋರಾಗಿ ನಕ್ಕವಳು ಬೀಗಿತ್ತಿಯೇ.

ಈಗ ನಾನು ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ಹಿಡಿದು ಕೂತಿದ್ದೇನೆ. ಜಯಂತಿ ಗಂಡನ ಮನೆಗೆ ಹೋಗಿಯಾಯಿತು. ಮೊನ್ನೆ ಬಂದಿದ್ದಾಗ ಕೂಸು ಅಂಬೆಗಾಲಿಟ್ಟು ನನ್ನ ಹತ್ತಿರ ಬಂದು, ತಣ್ಣಗಿನ ನನ್ನ ಮೈಗೆ ಕೆನ್ನೆಯಿಟ್ಟು ಅಲ್ಲೇ ನಿದ್ದೆಹೋಯಿತು. ಹೊಂಬಾಳಮ್ಮ ಎಬ್ಬಿಸಲಿಲ್ಲ. ಚಾಪೆಯನ್ನೇ ಬಾಗಿಲವರೆಗೆ ಎಳೆದು ಹಾಸಿದಳು.